ಹೋಂಡಾ ಎಸ್2000 ಹಿಂದಿನ ಟೈರ್ ಒಳಅಂಚು ಮಾತ್ರ ಸವೀತಿದೆ, ಅಲೈನ್‌ಮೆಂಟ್ ಸರಿ ಇದೆ ಅಂತಾರೆ, ಹೆಲ್ಪ್ ಮಾಡಿ

ವಿಟೆಕ್ ಪ್ರೇಮಿ:
ತಲೆ ಕೆಟ್ಟೋಗಿದೆ. ಟೈರ್ ಹಾಕ್ಸಿ ವರ್ಷ ತುಂಬಿಲ್ಲ, ಆಗ್ಲೇ ಹಿಂದಿನ ಎರಡೂ ಟೈರ್ ಒಳಅಂಚಲ್ಲಿ ತಂತಿ ಕಾಣ್ತಿದೆ. ಹೊರಗಿಂದ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಗ್ರೂವ್ ಇದೆ, ಪಕ್ಕದಲ್ಲಿ ನಿಂತು ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ಕಾರು ಲಿಫ್ಟ್ ಮೇಲೆ ಹೋದಾಗ್ಲೇ ಗೊತ್ತಾಗಿದ್ದು. ಹೋದ ಸೆಟ್ಟೂ ಹಿಂಗೇ ಹೋಯ್ತು. ಅಲೈನ್‌ಮೆಂಟ್ ಮಾಡ್ಸಿದೀನಿ, ಎಲ್ಲಾ ಸರಿ ಇದೆ ಅಂತ ಶೀಟ್ ಕೊಟ್ರು. ಸ್ಪೋರ್ಟ್ಸ್ ಕಾರು ಅಂದ್ರೆ ಇಷ್ಟೇ ಅಂತಾರೆ, ನಾನು ಒಪ್ಪಲ್ಲ. ಏನ್ ಮಾಡ್ಲಿ?

ಗಾಳಿ ಗುರು:
ಪ್ರೆಶರ್ ಎಷ್ಟಿಟ್ಟಿದೀರಾ? ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡಿ. ನೂರಕ್ಕೆ ತೊಂಬತ್ತು ಕೇಸಲ್ಲಿ ಗಾಳೀದೇ ಪ್ರಾಬ್ಲಮ್ಮು.

ಕ್ಯಾಂಬರ್ ಕಿಲಾಡಿ:
ಗಾಳಿ ಕಮ್ಮಿ ಇದ್ರೆ ಎರಡೂ ಅಂಚು ಸವೀತದೆ, ಜಾಸ್ತಿ ಇದ್ರೆ ನಡುಮಧ್ಯ ಸವೀತದೆ. ಒಳಗಡೆ ಮಾತ್ರ ಅಂದ್ರೆ ನೆಗೆಟಿವ್ ಕ್ಯಾಂಬರ್ರೇ, ಚಕ್ರದ ಮೇಲ್ಭಾಗ ಒಳಗೆ ವಾಲಿರೋದು. ಕ್ಯಾಂಬರ್ ಕಮ್ಮಿ ಮಾಡ್ಸಿ, ಮುಗೀತು.

ಹಿಂಗಾಲಿ ಚಾಲಕ:
ಯಾವ ಎಸ್2000 ಗುರು, ಮೊದಲಿನ ಎಪಿ1 ಮಾಡೆಲ್ಲಾ, ಆಮೇಲಿನ ಎಪಿ2ಆ? ಕಾರು ತಗ್ಸಿದೀರಾ? ಶೀಟಲ್ಲಿರೋ ನಂಬರ್ ಟೈಪ್ ಮಾಡಿ. 'ಸರಿ ಇದೆ' ಅನ್ನೋದು ನಂಬರ್ ಅಲ್ಲ.

ವಿಟೆಕ್ ಪ್ರೇಮಿ:
ಎಪಿ1, 16 ಇಂಚು ವೀಲ್, ಹಿಂದೆ 225/50. ತಗ್ಸಿರೋದು ಗೊತ್ತಾಗಲ್ವಾ, ಯಾರು ಇದನ್ನ ಸ್ಟಾಕ್ ಎತ್ತರದಲ್ಲಿ ಇಟ್ಕೋತಾರೆ? ನಾನು ತಗೊಳ್ಳುವಾಗ್ಲೇ ಲೋವರಿಂಗ್ ಸ್ಪ್ರಿಂಗ್ ಇತ್ತು. ಹಿಂದೆ ಕ್ಯಾಂಬರ್ ಎಡಕ್ಕೆ -2.20, ಬಲಕ್ಕೆ -2.15. ಟೋ ಎರಡೂ ಕಡೆ 0.30. ಗಾಳಿ ಸರಿಯಾಗಿದೆ, ವಾರ ವಾರ ಚೆಕ್ ಮಾಡ್ತೀನಿ.

ಗಾಳಿ ಗುರು:
ನಿಮ್ಮ ಗೇಜೇ ತಪ್ಪು ತೋರಿಸ್ತಿರಬಹುದು. ಇನ್ನೊಂದು ಗೇಜಲ್ಲಿ ನೋಡಿ.

ಕ್ಯಾಂಬರ್ ಕಿಲಾಡಿ:
ನೋಡಿ, -2.20! ನಾನು ಹೇಳಿದ್ದು ಅದೇ. ಕಂಪನಿ ಸ್ಪೆಕ್ ಹಿಂದೆ -1.5 ಡಿಗ್ರಿ. ಡಬಲ್ ವಿಷ್‌ಬೋನ್ ಸಸ್ಪೆನ್ಷನ್ನಲ್ಲಿ ಕಾರು ತಗ್ಸಿದಷ್ಟೂ ನೆಗೆಟಿವ್ ಏರ್ತಾ ಹೋಗ್ತದೆ.

ಹಿಂಗಾಲಿ ಚಾಲಕ:
ಕ್ಯಾಂಬರ್ ಒಂದೇ ಟೈರನ್ನ ಇಷ್ಟು ಬೇಗ ತಿನ್ನಲ್ಲ, ತಿನ್ನೋದು ಟೋ, ಅಂದ್ರೆ ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ಓರೆ ಇರೋದು. ಒಂದು ಕೆಲ್ಸ ಮಾಡಿ: ಅಂಗೈನ ಟ್ರೆಡ್ ಮೇಲೆ ಅಡ್ಡಡ್ಡ ಎಳೀರಿ, ಮೊದಲು ಹೊರಗಿಂದ ಒಳಗೆ, ಆಮೇಲೆ ಒಳಗಿಂದ ಹೊರಗೆ. ಒಂದು ಕಡೆ ನುಣ್ಣಗೆ ಜಾರಿ ಇನ್ನೊಂದು ಕಡೆ ಗರಗಸದ ಹಲ್ಲು ತಾಗಿದ ಹಂಗೆ ಸಿಕ್ಕಾಕೊಂಡ್ರೆ ಅದು ಟೋ. ತಂತಿ ಎದ್ದಿರೋ ಅಂಚಿಂದ ಕೈ ದೂರ ಇಡಿ.

ವಿಟೆಕ್ ಪ್ರೇಮಿ:
ಈಗಷ್ಟೇ ನೋಡಿ ಬಂದೆ. ಹೊರಗಿಂದ ಒಳಗೆ ನುಣ್ಣಗಿದೆ, ಒಳಗಿಂದ ಹೊರಗೆ ಎಳೆದ್ರೆ ಪ್ರತಿ ಬ್ಲಾಕ್ ಅಂಚೂ ಚುಚ್ಚತ್ತೆ. ಎಡ ಬಲ ಎರಡೂ ಹಂಗೇ.

ಹಿಂಗಾಲಿ ಚಾಲಕ:
ಹಂಗಿದ್ರೆ ಟೋ-ಇನ್ ಜಾಸ್ತಿ, ಚಕ್ರಗಳ ಮುಂಭಾಗ ಒಳಗೆ ತಿರುಗಿದೆ.

ಕ್ಯಾಂಬರ್ ಕಿಲಾಡಿ:
ಸರ್, ಟೋ-ಇನ್ ಜಾಸ್ತಿ ಇದ್ರೆ ಹೊರಅಂಚು ಸವೀಬೇಕು, ಒಳಅಂಚಲ್ಲ. ಇದು ಬೇಸಿಕ್ಕು.

ಹಿಂಗಾಲಿ ಚಾಲಕ:
ಕ್ಯಾಂಬರ್ ಸೊನ್ನೆ ಇದ್ರೆ ನೀವು ಹೇಳಿದ್ದು ಸರಿ. ಇಲ್ಲಿ ಟೈರು 2 ಡಿಗ್ರಿಗಿಂತ ಜಾಸ್ತಿ ಒಳಗೆ ವಾಲಿದೆ, ಭಾರ ಎಲ್ಲಾ ಒಳಅಂಚಿನ ಮೇಲೇ. ಟೋ ಟೈರನ್ನ ಅಡ್ಡಕ್ಕೆ ಎಳೀತದೆ, ಭಾರ ಎಲ್ಲಿದ್ಯೋ ಅಲ್ಲೇ ಉಜ್ಜೋದು. ಕ್ಯಾಂಬರ್ ಜಾಗ ತೋರಿಸ್ತದೆ, ಉಜ್ಜೋದು ಟೋ. ಎಪಿ1ಲ್ಲಿ ಇನ್ನೊಂದು ವಿಷ್ಯ ಇದೆ, ಹಿಂದಿನ ಸಸ್ಪೆನ್ಷನ್ ಕೆಳಗೆ ಕೂತಷ್ಟೂ ಟೋ-ಇನ್ ತಾನಾಗೇ ಏರ್ತದೆ, ಅದಕ್ಕೇ ತಗ್ಸಿದ ಮೇಲೆ ಅಳೀದೇ ಓಡ್ಸಬಾರ್ದು. 2004ರ ಮಾಡೆಲ್‌ಗೆ ಹೋಂಡಾದವ್ರೇ ಆ ಬದಲಾವಣೇನ ಕಮ್ಮಿ ಮಾಡಿದ್ರು.

ಈಗ ಮುಖ್ಯವಾದ ಪ್ರಶ್ನೆ. ಆ 0.30 ಅನ್ನೋದು ದಶಾಂಶ ಡಿಗ್ರೀನಾ, ಇಲ್ಲಾ 0 ಡಿಗ್ರಿ 30 ಮಿನಿಟ್ಟಾ?

ವಿಟೆಕ್ ಪ್ರೇಮಿ:
ಏನ್ ವ್ಯತ್ಯಾಸ? 0ರ ಪಕ್ಕದಲ್ಲಿ ಚಿಕ್ಕ ಸೊನ್ನೆ, 30ರ ಮೇಲೆ ಒಂದು ಗೀಟು ಇದೆ.

ಹಿಂಗಾಲಿ ಚಾಲಕ:
ಆ ಗೀಟೇ ಎಲ್ಲಾ! ಅದು ಮಿನಿಟ್. 30 ಮಿನಿಟ್ ಅಂದ್ರೆ ಅರ್ಧ ಡಿಗ್ರಿ, ಎರಡೂ ಚಕ್ರ ಸೇರಿ 1 ಡಿಗ್ರಿ. ನಿಮ್ಮ ಟೈರಿನ ವ್ಯಾಸ ಹತ್ರ ಹತ್ರ 631 ಎಂಎಂ, ಅಲ್ಲಿಗೆ ಒಟ್ಟು ಟೋ-ಇನ್ 11 ಎಂಎಂ ಆಯ್ತು. ಎಪಿ1 ಹಿಂದಿನ ಸ್ಪೆಕ್ ಒಟ್ಟು 6 ಎಂಎಂ, ಅದೇ ಜಾಸ್ತಿ ಅಂತ ಎಷ್ಟೋ ಜನ ಇಳಿಸ್ಕೋತಾರೆ. ಅರ್ಧ ಡಿಗ್ರಿ ಓರೆ ಇದ್ರೆ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗ್ತದೆ. ಇನ್ನು ಟೈರ್ ಉಳೀತದಾ? ಶೀಟಲ್ಲಿ ಸ್ಪೆಕ್ ಕಾಲಮ್ ಇದ್ಯಾ ನೋಡಿ.

ವಿಟೆಕ್ ಪ್ರೇಮಿ:
ಕಾಲಮ್ ಇದೆ, ಖಾಲಿ ಇದೆ.

ಕಾಯ್ಲೋವರ್ ಕಿಂಗ್:
ಅದಕ್ಕೇ ನಾನು ಲೇಸರ್ ಮೆಷಿನ್ನೇ ನಂಬಲ್ಲ. ನನ್ ಪೋರ್ಷೆ ಕೇಮನ್‌ಗೆ ಕ್ಯಾಂಬರ್ ಮುಂದೆ -2.8, ಹಿಂದೆ -2.3, ಎರಡೂ ಪಕ್ಕಕ್ಕೆ ದಾರ ಕಟ್ಟಿ ನಾನೇ ಅಳೀತೀನಿ, ಡ್ರೈವರ್ ಸೀಟಲ್ಲಿ ನನ್ ತೂಕದ ಮೂಟೆ ಇಟ್ಟು, ಟ್ಯಾಂಕ್ ಅರ್ಧ ತುಂಬ್ಸಿ. ಟ್ರ್ಯಾಕಲ್ಲಿ ಟೈರು ಅಡ್ಡಡ್ಡ ಒಂದೇ ಸಮ ಸವೀತದೆ, ಫೋಟೋ ಬೇಕಾದ್ರೆ ಹಾಕ್ತೀನಿ.

ಕ್ಯಾಂಬರ್ ಕಿಲಾಡಿ:
ದಾರದಲ್ಲಿ ಕ್ಯಾಂಬರ್ ಹೆಂಗೆ ಅಳೀತೀರಾ?

ಕಾಯ್ಲೋವರ್ ಕಿಂಗ್:
ಟೋ ಮಾತ್ರ ದಾರದಲ್ಲಿ, ಕ್ಯಾಂಬರ್‌ಗೆ ಗೇಜ್ ಇದೆ. ದಾರ ಎರಡೂ ಕಡೆ ಸಮಾನಾಂತರ ಕೂತ್ರೆ ಯಾವ ಮೆಷಿನ್‌ಗೂ ಕಮ್ಮಿ ಇಲ್ಲ.

ಕ್ಯಾಂಬರ್ ಕಿಲಾಡಿ:
ನೆಲ ಲೆವೆಲ್ ಇಲ್ದಿದ್ರೆ ನಿಮ್ ಕ್ಯಾಂಬರ್ ಗೇಜೂ ದಂಡ.

ಹಿಂಗಾಲಿ ಚಾಲಕ:
ದಾರದ ವಿಷ್ಯ ಬೇರೆ ಥ್ರೆಡ್ಡಲ್ಲಿ ಮಾತಾಡೋಣ ಪ್ಲೀಸ್, ಇಲ್ಲಿ ಒಬ್ರಿಗೆ ತಂತಿ ಕಾಣ್ತಿರೋ ಟೈರ್ ಇದೆ. ಪ್ರೇಮಿ ಅವ್ರೇ, ಆ ಟೈರಲ್ಲಿ ಕಾರು ತೆಗೀಬೇಡಿ, ಮಳೇಲಂತೂ ಬೇಡ್ವೇ ಬೇಡ. ಮೊದಲು ಹಿಂದೆ ಕ್ಯಾಂಬರ್ -1.8ರ ಹತ್ರ ತರ್ಸಿ, ಆಮೇಲೆ ಟೋ, ಯಾಕಂದ್ರೆ ಕ್ಯಾಂಬರ್ ಮುಟ್ಟಿದ್ರೆ ಟೋ ಬದಲಾಗ್ತದೆ. ಟೋ ಒಟ್ಟು 4 ಎಂಎಂ ಟೋ-ಇನ್ ಇರ್ಲಿ, ಎರಡೂ ಕಡೆ ಸಮ. ಟೈರ್ ಉಳೀಲಿ ಅಂತ ಸೊನ್ನೆಗೆ ತರಬೇಡಿ, ಕಾರ್ನರಲ್ಲಿ ಆಕ್ಸಿಲರೇಟರ್ ಬಿಟ್ರೆ ಎಪಿ1 ಹಿಂಭಾಗ ತಟ್ಟಂತ ತಿರುಗ್ತದೆ, ಆ ಟೋ-ಇನ್ನೇ ಅದನ್ನ ಹಿಡಿದಿರೋದು. ಹಿಂದಿನದು ಮುಗಿದ ಮೇಲೆ ಮುಂದಿನದು.

ವಿಟೆಕ್ ಪ್ರೇಮಿ:
ಬೇರೆ ಕಡೆ ತಗೊಂಡೋದೆ, ಟೋ ಮಾಡೋಕೇ ಆಗ್ಲಿಲ್ಲ. ಸ್ಪ್ಯಾನರ್ ಹಾಕಿ ತಿರುಗ್ಸಿದಾಗ ಸ್ಕ್ರೀನಲ್ಲಿ ನಂಬರ್ ಸರಿ ಬರ್ತದೆ, ಕೈ ಬಿಟ್ರೆ ವಾಪಸ್ ಮೊದಲಿನ ಜಾಗಕ್ಕೇ ಹೋಗ್ತದೆ. ಇದೇನ್ ಇದು?

ಹಿಂಗಾಲಿ ಚಾಲಕ:
ಅಡ್ಜಸ್ಟ್ ಬೋಲ್ಟು ಬುಷ್ ಒಳಗಿನ ಕಬ್ಬಿಣದ ಸ್ಲೀವ್‌ಗೆ ತುಕ್ಕು ಹಿಡಿದು ಕಚ್ಕೊಂಡಿದೆ. ಬೋಲ್ಟ್ ತಿರುಗಿದ ಹಂಗೆ ಕಾಣ್ತದೆ, ತಿರುಚೋದು ಬುಷ್ ರಬ್ಬರ್, ಬಿಟ್ರೆ ಅದು ವಾಪಸ್ ಬರ್ತದೆ. ಎಸ್2000ಗೆ ಇದು ಮಾಮೂಲಿ ಕಾಯಿಲೆ. ಇನ್ನೂ ಜೋರಾಗಿ ತಿರುಗಿಸೋಕೆ ಬಿಡಬೇಡಿ, ರಬ್ಬರ್ ಹರಿದೋಗ್ತದೆ. ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ನೆನೆಯಾಕಿ, ಬರ್ಲಿಲ್ಲ ಅಂದ್ರೆ ಬೋಲ್ಟ್ ಕೊಯ್ದು ಹೊಸ ಬೋಲ್ಟ್, ಹೊಸ ಬುಷ್. ಹೊಸದು ಹಾಕುವಾಗ ಬೋಲ್ಟಿಗೆ ಮತ್ತೆ ಕಚ್ಕೊಳ್ಳದ ಹಂಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಫೈನಲ್ ಟೈಟು ಕಾರು ಚಕ್ರದ ಮೇಲೆ ನಿಂತಾಗ ಮಾಡ್ಲಿ, ಲಿಫ್ಟಲ್ಲಿ ಚಕ್ರ ನೇತಾಡ್ತಾ ಇರೋವಾಗ ಅಲ್ಲ.

ವಿಟೆಕ್ ಪ್ರೇಮಿ:
ಎಣ್ಣೆ ಹಾಕಿದ ಮೇಲೆ ಎಡಗಡೆದು ಬಿಟ್ಕೊಂಡಿತು. ಬಲಗಡೆದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಆ ಕಡೆಗೆ ಬೋಲ್ಟು ಬುಷ್ಷು ಆರ್ಡರ್ ಮಾಡಿದೀನಿ, ಪಾರ್ಟ್ ಬರೋವರ್ಗೂ ಕಾರು ಸ್ಟ್ಯಾಂಡ್ ಮೇಲೆ.

ಗಾಳಿ ಗುರು:
ಹೊಸಾ ಟೈರ್ ಹಾಕ್ಸಿದ ಮೇಲೆ ಪ್ರೆಶರ್ ಮರೀಬೇಡಿ.

ಮಿಯಾಟ ಮನೆ:
ಮಧ್ಯೆ ಬಂದೆ, ಸಾರಿ. ನನ್ ಮಜ್ದಾ ಎಂಎಕ್ಸ್-5 ಎನ್‌ಬಿಗೂ ಹಿಂದೆ ಒಳಅಂಚು ಹಿಂಗೇ ಹೋಗ್ತಿದೆ, ಶೀಟಲ್ಲಿ ಟೋ 0.12 ಅಂತಿದೆ, ಇದು ಜಾಸ್ತೀನಾ?

ಹಿಂಗಾಲಿ ಚಾಲಕ:
ಗೀಟು ಇದ್ಯಾ ಇಲ್ವಾ ಅದು ಹೇಳಿ ಮೊದ್ಲು. ಹೊಸ ಥ್ರೆಡ್ ಹಾಕಿ, ಕಾರು ಎಷ್ಟು ತಗ್ಗಿದೆ, ಟೈರ್ ಸೈಜ್ ಯಾವ್ದು ಅದನ್ನೂ ಬರೀರಿ.