ಅಪ್‌ಡೇಟ್: ಲೂಮ್ ಪಾಂಚೋ, ಅಂಚು ಮತ್ತು ಕತ್ತಿನ ಅಳತೆ

ಲೂಮ್‌ನಲ್ಲಿ (ಗೂಟಗಳಿರುವ ಹೆಣಿಗೆ ಚೌಕಟ್ಟು) ಪಾಂಚೋ (ತಲೆಯಿಂದ ತೊಡುವ, ತೋಳಿಲ್ಲದ ಹೊದಿಕೆ) ಹೆಣೆದರೆ ಅಂಚು ಸುರುಳಿಕೊಳ್ಳುತ್ತೆ, ಕತ್ತಿಗೆ ಎಷ್ಟು ಬಿಡಬೇಕು ಅಂತ ಕೇಳಿದ್ದೆನಲ್ಲ, ಎರಡೂ ಬಗೆಹರಿದವು. ಬರೀ ಇ-ರ‍್ಯಾಪ್ (ಗೂಟಕ್ಕೆ ನೂಲು ಸುತ್ತಿ, ಕೆಳಗಿನ ಕುಣಿಕೆಯನ್ನು ಅದರ ಮೇಲಿಂದ ದಾಟಿಸುವ ಹೆಣಿಗೆ) ಹಾಕಿದರೆ ಸುರುಳಿ ತಪ್ಪಿದ್ದಲ್ಲ. ಮೊದಲ, ಕೊನೆಯ 6 ಸಾಲು ಒಂದು ಸಾಲು ನಿಟ್ (ಸಾದಾ ಹೆಣಿಗೆ), ಒಂದು ಸಾಲು ಪರ್ಲ್ (ಉಲ್ಟಾ ಹೆಣಿಗೆ). ನಡುವೆಯೂ ಎರಡೂ ತುದಿಯ 4 ಗೂಟಗಳಿಗೆ ಅದೇ ಕ್ರಮ. ಪರ್ಲ್‌ಗೆ ನೂಲು ಕುಣಿಕೆಯ ಕೆಳಗಿರಲಿ. ಕೊಕ್ಕೆಯನ್ನು ಮೇಲಿನಿಂದ ತೂರಿಸಿ ನೂಲನ್ನು ಮೇಲಕ್ಕೆಳೆಯಿರಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

40×70 ಸೆಂ.ಮೀ.ನ ಎರಡು ತುಂಡು ಸಾಕು. ದಪ್ಪ ನೂಲಿನಲ್ಲಿ 10 ಸೆಂ.ಮೀ.ಗೆ 8 ಕುಣಿಕೆ ಬಂದರೆ 32 ಗೂಟ. ಗುಂಡು ಲೂಮ್ ಆದರೂ ಸುತ್ತು ಮುಚ್ಚದೆ ಹೋಗಿ-ಬಂದು ಹೆಣೆಯಿರಿ. ಪ್ರತಿ ತುಂಡಿನ ಗಿಡ್ಡ ಅಂಚನ್ನು ಇನ್ನೊಂದರ ಉದ್ದ ಅಂಚಿಗೆ, ಮೂಲೆಯಿಂದ ಶುರುಮಾಡಿ ಹೊಲಿದರೆ 30+30, ಒಟ್ಟು 60 ಸೆಂ.ಮೀ. ಸುತ್ತಳತೆಯ ಕತ್ತು ಉಳಿಯುತ್ತೆ. ಲೂಮ್ ಮೇಲಿರುವಾಗಲೇ ಅಗಲ ಅಳೆಯಬೇಡಿ, ಗೂಟಗಳು ಹೆಣಿಗೆಯನ್ನು ಎಳೆದು ಹಿಡಿದಿರುತ್ತವೆ.