ಏಳು ತಿಂಗಳ ಮಗುವಿಗೆ ಗೊರಗೊರ ಸದ್ದು: ನೆಗಡಿಯೋ, ನ್ಯುಮೋನಿಯಾವೋ?

ಪ್ರಶ್ನೆ

ನಮ್ಮ ಏಳು ತಿಂಗಳ ಮಗಳಿಗೆ ಮೂರು ದಿನಗಳಿಂದ ನೆಗಡಿಯಿದೆ. ಜ್ವರ ಹೆಚ್ಚಿಲ್ಲ, ಆದರೆ ನಿನ್ನೆ ರಾತ್ರಿಯಿಂದ, ಎತ್ತಿಕೊಂಡಾಗ ಬೆನ್ನ ಮೇಲಿಟ್ಟ ಅಂಗೈಗೂ ತಿಳಿಯುವಂತೆ ಗೊರಗೊರ ಸದ್ದು ಬರುತ್ತಿದೆ. ಹಾಲು ಕುಡಿಯುವಾಗ ನಾಲ್ಕು ಗುಟುಕಿಗೊಮ್ಮೆ ಬಾಯಿ ಬಿಡುತ್ತಾಳೆ. ಅವಳ ಅಣ್ಣನಿಗೆ ಕಳೆದ ವರ್ಷ ಬರೆದುಕೊಟ್ಟಿದ್ದ ಕೆಮ್ಮಿನ ಸಿರಪ್ ಉಳಿದಿದೆ. ಅದನ್ನು ಕೊಡಬಹುದೇ? ಇದು ನ್ಯುಮೋನಿಯಾ ಇರಬಹುದೇ?

ಉತ್ತರ 1

ಸಿರಪ್ ಖಂಡಿತ ಬೇಡ. ನಾನು ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ. ಸದ್ದಿಗೆ ಹೆದರಿ ಓಡಿಬರುವವರು ಅನೇಕರು, ಉಸಿರನ್ನು ಎಣಿಸಿಕೊಂಡು ಬರುವವರು ವಿರಳ. ಗೊರಗೊರ ಸದ್ದು ಬಹುಪಾಲು ಮೂಗು, ಗಂಟಲಿನ ಸಿಂಬಳದ್ದೇ ಆಗಿರುತ್ತದೆ. ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಗುಳಿ ಬೀಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ನೀಲಿಯಾಗುವುದು, ಹಾಲನ್ನೇ ಒಲ್ಲೆನ್ನುವುದು ಕಂಡರೆ ಎಣಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಉತ್ತರ 2

ನಮ್ಮ ಮಗನಿಗೆ ಒಂದೂವರೆ ವರ್ಷವಿದ್ದಾಗ ನಡುರಾತ್ರಿ ನಾಯಿ ಬೊಗಳಿದಂತೆ ಕೆಮ್ಮು ಬಂದಿತ್ತು, ಅದು ಕ್ರೂಪ್, ಅಂದರೆ ಗಂಟಲಿನ ಧ್ವನಿಪೆಟ್ಟಿಗೆಯ ಸುತ್ತ ಊದಿಕೊಳ್ಳುವ ಸೋಂಕು. ಅಳಿಸದೆ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡೇ ಆಸ್ಪತ್ರೆಗೆ ಹೋದೆವು. ಬಿಸಿನೀರಿನ ಹಬೆ ಕೊಡಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಮಗುವಿಗೆ ಸುಟ್ಟ ಗಾಯವಾದೀತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವೂ ಕೂಡದು.

ಪ್ರಶ್ನೆ ಕೇಳಿದವರು

ಅಳುತ್ತಿದ್ದಾಗ ಎಣಿಸಿದರೆ 62 ಬಂದು ಕೈಕಾಲು ತಣ್ಣಗಾದವು. ನಿದ್ದೆ ಹತ್ತಿದ ಮೇಲೆ ಎರಡು ಸಲ ಎಣಿಸಿದೆ: 44, 46. ಪಕ್ಕೆ ಗುಳಿ ಬೀಳುತ್ತಿಲ್ಲ.

ಉತ್ತರ 1 ಬರೆದವರು

ಅಳುವಾಗಿನ ಎಣಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಲಿಗೆ ಮುಂಚೆ ಎರಡೂ ಹೊಳ್ಳೆಗಳಿಗೆ ಸಲೈನ್ ಹನಿ ಹಾಕಿ ಸಿಂಬಳ ತೆಗೆಯಿರಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ, ಎಷ್ಟು ಸಲ ಮೂತ್ರ ಮಾಡುತ್ತಾಳೆಂದು ಗಮನಿಸಿ. ಆದರೂ ಹಾಲು ಕುಡಿಯಲು ತಡೆಯಾಗುತ್ತಿರುವುದರಿಂದ ಇಂದೇ ಒಮ್ಮೆ ತೋರಿಸಿ. ಈ ವಯಸ್ಸಿನಲ್ಲಿ ಸಾಮಾನ್ಯವಾದ ಬ್ರಾಂಕಿಯೊಲೈಟಿಸ್ (ಶ್ವಾಸಕೋಶದ ಸಣ್ಣ ಉಸಿರುನಾಳಗಳು ಊದಿಕೊಳ್ಳುವ ವೈರಸ್ ಸೋಂಕು) ಮೂರರಿಂದ ಐದನೆಯ ದಿನದ ನಡುವೆ ಬಿಗಡಾಯಿಸುವುದುಂಟು. ನಿಮ್ಮದು ಈಗ ಮೂರನೆಯ ದಿನ. ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಎಣಿಸಿ.