ಮಾರ್ಫಿನ್ ಡೋಸ್ ಏರುತ್ತಲೇ ಇದೆ, ಜೊತೆಗೆ ಉರಿಯೂತದ ಮಾತ್ರೆ ಕೊಡಬಹುದೇ?

ಪ್ರಶ್ನೆ (ಹೋಂ ಕೇರ್ ನರ್ಸ್): ಮೇಡಂ, ರೋಗಿಗೆ 68 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿದೆ. 4 ಗಂಟೆಗೊಮ್ಮೆ 10 ಮಿ.ಗ್ರಾಂ. ಇದ್ದ ಮಾರ್ಫಿನ್ ಈಗ 20ಕ್ಕೆ ಬಂದಿದೆ. ಆದರೂ ಮಗ್ಗಲು ಬದಲಿಸುವಾಗ ನೋವು. ಮನೆಯವರು ‘ಮೈಗೆ ಒಗ್ಗಿಹೋಗಿದೆ’ ಅಂತಾರೆ. ಉರಿಯೂತದ ಮಾತ್ರೆ ಕೊಟ್ಟರೆ ಹೀಗೆ ಒಗ್ಗುವುದು ತಪ್ಪುತ್ತದೆ ಎಂದು ಓದಿದೆ. ನಿಜವೇ?

ಉತ್ತರ (ಉಪಶಾಮಕ ಆರೈಕೆ ವೈದ್ಯೆ): ಸಿಸ್ಟರ್, ಡೋಸ್ ಏರಿದ ಮಾತ್ರಕ್ಕೆ ಒಗ್ಗಿದೆ ಅನ್ನಬೇಡಿ. ಮೂಳೆಯಲ್ಲಿ ಗೆಡ್ಡೆ ಬೆಳೆದರೂ ಹೀಗೇ ಆಗುತ್ತದೆ, ಹೆಚ್ಚಾಗಿ ಕಾರಣ ಅದೇ. ಅಲುಗಿದಾಗ ಮಾತ್ರ ಬರುವ ನೋವು ಮೂಳೆಯ ಕಡೆಗೇ ಬೆರಳು ತೋರಿಸುತ್ತದೆ. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗಿರಬಹುದು. ಅಂದೇ ಆಸ್ಪತ್ರೆಗೆ ಕಳಿಸಿ.

ನೀವು ಓದಿದ್ದಕ್ಕೆ ಆಧಾರವಿದೆ. ಮಾರ್ಫಿನ್ ಪದೇ ಪದೇ ಸಿಕ್ಕಾಗ ಬೆನ್ನುಹುರಿ, ಮಿದುಳಿನ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳು ಕೆರಳಿ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಮಾರ್ಫಿನ್ ತಣಿಸಿದ ನರಗಳನ್ನು ಅವು ಮತ್ತೆ ಕೆಣಕುತ್ತವೆ. ಇಲಿಗಳ ಬೆನ್ನುಹುರಿಯ ಸುತ್ತ ಕೀಟೊರೊಲ್ಯಾಕ್ ಎಂಬ ಉರಿಯೂತದ ಔಷಧಿ ಕೊಟ್ಟಾಗ ಒಗ್ಗುವಿಕೆ ತಗ್ಗಿದ್ದೂ ಉಂಟು. ಆದರೆ ಬಾಯಿಂದ ನುಂಗುವ ಮಾತ್ರೆ ಮನುಷ್ಯರಲ್ಲಿ ಒಗ್ಗುವಿಕೆಯನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಉರಿಯೂತದ ಔಷಧಿ ಜೊತೆಗಿದ್ದರೆ ಮಾರ್ಫಿನ್ ಕಡಿಮೆ ಸಾಕಾಗುತ್ತದೆ ಎಂಬುದಷ್ಟೇ ಗಟ್ಟಿ. ಹಾಗಾಗಿ ಇವರಿಗೆ ಕೊಡುವುದಾದರೆ ಮೂಳೆ ನೋವಿಗೆಂದು ಕೊಡೋಣ. ಅದಕ್ಕೆ ನನ್ನ ಒಪ್ಪಿಗೆ ಇದೆ.

ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಪ್ಲೇಟ್‌ಲೆಟ್ ನೋಡಬೇಕು. ಹೊಟ್ಟೆಹುಣ್ಣು, ಹೃದಯ ವೈಫಲ್ಯ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬೇಡ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೂ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಎಲ್ಲ ಸರಿಯಿದ್ದರೆ ವೈದ್ಯರು ಸಾಮಾನ್ಯವಾಗಿ ಉರಿಯೂತದ ಮಾತ್ರೆ ನ್ಯಾಪ್ರಾಕ್ಸೆನ್ 250 ಮಿ.ಗ್ರಾಂ. ದಿನಕ್ಕೆರಡು ಬಾರಿ ಊಟದ ನಂತರ, ಬೆಳಿಗ್ಗೆ ತಿಂಡಿಗೆ ಮುಂಚೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಬರೆಯುತ್ತಾರೆ. ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದೇ ಸರಿ. ಒಂದೇ ಸಲದ 8 ಗ್ರೇ (ವಿಕಿರಣದ ಅಳತೆ) ರೇಡಿಯೇಶನ್ ಬಗ್ಗೆಯೂ ಕೇಳಿ. ಮೂಳೆ ನೋವಿಗೆ ಅದು ಬಹಳ ಒಳ್ಳೆಯದು.

ಪ್ರಶ್ನೆ (ಫಾರ್ಮಸಿಸ್ಟ್): ಇಂಥವರು ಬಿಪಿಗೆ ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಜೈಡ್ ಕೂಡಿದ ಮಾತ್ರೆ ತಗೊಳ್ತಿದ್ದರೆ?

ಉತ್ತರ: ಅಲ್ಲೇ ಎಡವುವುದು. ಆ ಎರಡರ ಜೊತೆ ನ್ಯಾಪ್ರಾಕ್ಸೆನ್ ಸೇರಿದರೆ, ಅದರಲ್ಲೂ ವಾಂತಿಯಾಗಿ ನೀರು ಕಡಿಮೆಯಾದಾಗ, ಮೂತ್ರಪಿಂಡ ಬೇಗ ಸೋಲುತ್ತದೆ. ಆಗ ಮಾರ್ಫಿನ್‌ನಿಂದ ದೇಹದಲ್ಲಿ ಹುಟ್ಟುವ ಗ್ಲುಕುರೊನೈಡ್‌ಗಳು ಹೊರಹೋಗದೆ ಉಳಿಯುತ್ತವೆ. ಲೋಟ ಹಿಡಿದ ಕೈ ತಟ್ಟನೆ ಜಗ್ಗುವುದು, ಮಾತಿನ ನಡುವೆಯೇ ಕಣ್ಣು ಮುಚ್ಚುವುದು, ಮೂತ್ರ ಕಡಿಮೆಯಾಗುವುದು ಇದರ ಗುರುತು. ನ್ಯಾಪ್ರಾಕ್ಸೆನ್ ನಿಲ್ಲಿಸಿ, ಮುಂದಿನ ಮಾರ್ಫಿನ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಎಬ್ಬಿಸಿದರೂ ಏಳದೆ ಉಸಿರು ನಿಮಿಷಕ್ಕೆ 8ಕ್ಕಿಂತ ಇಳಿದರೆ ಆಂಬುಲೆನ್ಸ್ ಕರೆಸಿ. ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ಬೇರೆ ಉರಿಯೂತದ ಮಾತ್ರೆ ಮನೆಯಲ್ಲಿ ಇದೆಯೇ ಎಂದು ದಯವಿಟ್ಟು ಕೇಳಿ. ಇಂಥ ಎರಡು ಮಾತ್ರೆ ಸೇರಿಸಿದರೆ ಹಾನಿ ಮಾತ್ರ ಹೆಚ್ಚುತ್ತದೆ.

ಪ್ರಶ್ನೆ (ನರ್ಸ್): ನೋವು ಇಳಿದರೆ ಮಾರ್ಫಿನ್ ನಿಲ್ಲಿಸಬಹುದಾ?

ಉತ್ತರ: ಒಮ್ಮೆಲೇ ಬೇಡ. ಆಕಳಿಕೆ, ಮೈಕೂದಲು ನಿಮಿರುವುದು, ಭೇದಿ ಶುರುವಾಗುತ್ತದೆ. ನೋವು ತಗ್ಗಿ ಮಂಪರು ಹೆಚ್ಚಿದರೆ ವೈದ್ಯರಿಗೆ ಹೇಳಿ 20ನ್ನು 15ಕ್ಕೆ, ಅಂದರೆ 10ರ ಒಂದೂವರೆ ಮಾತ್ರೆಗೆ ಇಳಿಸಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಮುರಿಯಲೇಬಾರದು. ಮಲಬದ್ಧತೆಯ ಔಷಧಿ ಮುಂದುವರಿಯಲಿ, ಕರುಳು ಮಾರ್ಫಿನ್‌ಗೆ ಒಗ್ಗುವುದೇ ಇಲ್ಲ.